ಎಲೆಯಿಂದ ಬಂದ ಕಾಫಿ ಸಸಿ ಕುಲಾಂತರಿಯಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ

ಮಾನ್ಯ ಸಂಪಾದಕರೇ,

ಮುಂಗಾರಿನ ನಾಟಿಗೆ ಸಸಿ ಗೊತ್ತು ಮಾಡಿಕೊಳ್ಳುವ ಕಾಲ ಬಂದಿದೆ. ಆಲ್ದೂರು, ಮೂಡಿಗೆರೆಯಿಂದ ಹಿಡಿದು ಬೇಲೂರು, ಸಕಲೇಶಪುರದವರೆಗೆ ಟಿಶ್ಯೂ ಕಲ್ಚರ್ ಕಾಫಿ ಸಸಿಯ, ಅಂದರೆ ಎಲೆಯ ತುಂಡಿನಿಂದ ಲ್ಯಾಬಿನಲ್ಲಿ ಬೆಳೆಸಿದ ಸಸಿಯ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯ ಕೇಳಿಬರುತ್ತವೆ. ‘ಅದು ಕುಲಾಂತರಿ, ತೋಟಕ್ಕೆ ತರಬೇಡಿ’ ಎನ್ನುವವರು ಒಂದು ಕಡೆ. ‘ಲ್ಯಾಬಿನಲ್ಲಿ ಮಾಡಿದ್ದು, ಎಲ್ಲವೂ ಒಂದೇ ಅಚ್ಚು, ಕಣ್ಮುಚ್ಚಿ ಹಾಕಿ’ ಎನ್ನುವವರು ಇನ್ನೊಂದು ಕಡೆ. ಎರಡೂ ತಪ್ಪು. ಏಕೆ ತಪ್ಪು ಎಂದು ತಿಳಿಯಲು ಬೀಜದೊಳಗಿನ ಭ್ರೂಣ ಮತ್ತು ಗಿಡದ ಎಲೆ ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಸ್ವಲ್ಪ ನೋಡಬೇಕು. ಪತ್ರ ಉದ್ದವಾದರೆ ಕ್ಷಮಿಸಿ.

ಮೊದಲು ಬೀಜ. ಬಿತ್ತನೆಯ ಕಾಫಿ ಕಾಳಿನ ಹೊಟ್ಟು ಸುಲಿದು ಎರಡು ದಿನ ನೆನೆಸಿ. ಉಬ್ಬಿದ ಬೆನ್ನಿನ ಕಡೆ, ಕಾಳಿನ ಒಂದು ತುದಿಯಲ್ಲಿ, ಬ್ಲೇಡಿನಿಂದ ತೆಳ್ಳಗೆ ಸೀಳುತ್ತ ಹೋದರೆ ಬೆಂಕಿಕಡ್ಡಿಯ ತಲೆಗಿಂತ ಸ್ವಲ್ಪ ಉದ್ದದ, 3–4 ಮಿಲಿಮೀಟರಿನ ಬಿಳಿ ಎಳೆಯೊಂದು ಸಿಗುತ್ತದೆ. ಅದೇ ಭ್ರೂಣ. ನಾವು ಹುರಿದು ಪುಡಿ ಮಾಡಿ ಕುಡಿಯುವುದು ಬಹುಪಾಲು ಅದರ ಬುತ್ತಿಯನ್ನು. ಭ್ರೂಣದ ಒಂದು ತುದಿ ಬೇರಿನ ಮೊಳಕೆ, ಇನ್ನೊಂದು ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಬೀಜದಳ, ಅವುಗಳ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕುಡಿ. ಸಸಿಮಡಿಯಲ್ಲಿ ಕಾಳಿನ ಚಪ್ಪಟೆ ಮುಖ ಕೆಳಗೆ ಮಾಡಿ ಇಡಿ ಎನ್ನುವುದು ಈ ಭ್ರೂಣದ ಸಲುವಾಗಿ. ಕಾಳು ಅಂಗಾತ ಬಿದ್ದರೆ ಬೇರು ಸುತ್ತು ಹಾಕಿ ಇಳಿಯಬೇಕಾಗುತ್ತದೆ.

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಆಗ ಪರಾಗ ಸೇರಿ ಕಟ್ಟಿದ ಮೊದಲ ಕೋಶ ಕಾಫಿಯಲ್ಲಿ ಸುಮಾರು ಎರಡು ತಿಂಗಳು ಒಡೆಯದೆ ಸುಮ್ಮನಿರುತ್ತದೆ. ಆಮೇಲೆ ಎರಡಾಗಿ, ನಾಲ್ಕಾಗಿ, ಗುಂಡಗಿನ ಮುದ್ದೆಯಾಗಿ, ಹೃದಯದ ಆಕಾರವಾಗಿ, ಕೊನೆಗೆ ಉದ್ದ ಎಳೆಯುತ್ತದೆ. ಗುಂಡಗಿದ್ದದ್ದು ಹೃದಯದ ಆಕಾರಕ್ಕೆ ಬರುವ ಹೊತ್ತು ಬಲು ಮುಖ್ಯ. ಆಕ್ಸಿನ್ ಎಂಬ ಹಾರ್ಮೋನು ಕೋಶದಿಂದ ಕೋಶಕ್ಕೆ ಒಂದೇ ದಿಕ್ಕಿನಲ್ಲಿ ಹರಿದು ಎರಡು ಮೂಲೆಗಳಲ್ಲಿ ಮತ್ತು ಬುಡದಲ್ಲಿ ಕೂಡಿಕೊಂಡಾಗ, ಆ ಮೂಲೆಗಳು ಬೀಜದಳಗಳಾಗುತ್ತವೆ, ಬುಡ ಬೇರಾಗುತ್ತದೆ. ಸಾಸಿವೆಯ ಭ್ರೂಣಕ್ಕೆ ಆಕ್ಸಿನ್ ಹರಿವು ತಡೆಯುವ ರಾಸಾಯನಿಕ ಹಾಕಿ 1993ರಲ್ಲಿ ನೋಡಿದ್ದಾರೆ: ಎರಡು ಬೀಜದಳ ಬರುವ ಬದಲು ಸುತ್ತ ಒಂದೇ ಕೊರಳಪಟ್ಟಿ ಬಂದಿತ್ತು. ಬೀಜದಳಗಳ ನಡುವೆ ಗಡಿ ಹಾಕುವ ಜೀನುಗಳೂ ಇವೆ. ಅವು ಕೆಟ್ಟರೆ ಎರಡೂ ದಳ ಕೂಡಿ ಬಟ್ಟಲಾಗುತ್ತವೆ, ನಡುವೆ ಕುಡಿಯೇ ಹುಟ್ಟುವುದಿಲ್ಲ. ಈ ಬಟ್ಟಲು ಮತ್ತು ಕೊರಳಪಟ್ಟಿ ಲ್ಯಾಬಿನ ಮಾತಿಗೆ ಬಂದಾಗ ಮತ್ತೆ ಎದುರಾಗುತ್ತವೆ.

ಇಲ್ಲೇ ಒಂದು ಎಚ್ಚರಿಕೆ. ಮೊಳಕೆ ಬೇಗ ಬರಲಿ ಎಂದು ಬಿತ್ತನೆ ಕಾಳನ್ನು ಜಿಬ್ಬರೆಲಿಕ್ ಆಮ್ಲದಲ್ಲಿ (ಇದು ಜಿಬ್ಬರೆಲಿನ್ ಗುಂಪಿನ ಸಸ್ಯ ಹಾರ್ಮೋನು) ನೆನೆಸಬೇಡಿ. ಬಾರ್ಲಿಗೆ ಒಗ್ಗುವ ಮದ್ದು ಕಾಫಿಗೆ ಒಗ್ಗುವುದಿಲ್ಲ. ಹೊರಗಿನಿಂದ ಕೊಟ್ಟ ಜಿಬ್ಬರೆಲಿನ್ ಅರೇಬಿಕಾದ ಮೊಳಕೆಯನ್ನು ತಡೆಯುತ್ತದೆ, ಭ್ರೂಣದ ಕೋಶಗಳನ್ನೇ ಸಾಯಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕಾಫಿ ಕಾಳು ಕಲ್ಲಿನಂತೆ ಗಟ್ಟಿ ಇರುವುದು ಅದರ ಕೋಶದ ಗೋಡೆಗಳಲ್ಲಿ ತುಂಬಿದ ಮನ್ನಾನ್ ಎಂಬ ಸಕ್ಕರೆ ಸರಪಳಿಯಿಂದ. ಭ್ರೂಣದ ಮುಂದಿನ ಭಾಗದಲ್ಲಿ ಅದು ನಿಧಾನಕ್ಕೆ ಕರಗಿ ದಾರಿ ಬಿಡಬೇಕು. ಅದಕ್ಕೆ ಹಿಡಿಯುವ ಸುಮಾರು 45 ದಿನವನ್ನು ಯಾರೂ ಹತ್ತು ದಿನ ಮಾಡಲಾರರು. ಬಿತ್ತನೆ ಬೀಜವನ್ನು ಬಿಸಿಲಲ್ಲಿ ಒಣಗಿಸುವುದೂ ಬೇಡ. ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಳಿಗೆ ಜರಡಿ ಹಿಡಿದ ಕಟ್ಟಿಗೆ ಬೂದಿ ಬೆರೆಸಿ, ಸುಮಾರು 5 ಸೆಂಟಿಮೀಟರ್ ದಪ್ಪಕ್ಕೆ ನೆರಳಲ್ಲಿ ಹರವಿ, ದಿನಕ್ಕೊಮ್ಮೆ ಕೈಯಾಡಿಸಿದರೆ ಐದಾರು ದಿನ ಸಾಕು. ಕಾಫಿ ಭ್ರೂಣ ರಾಗಿ, ಭತ್ತದಷ್ಟು ಒಣಗುವುದನ್ನು ಸಹಿಸುವುದಿಲ್ಲ.

ಒಣಗುವುದನ್ನು ಸಹಿಸುವ ಶಕ್ತಿಗೂ ಜೀನಿನ ಅಪ್ಪಣೆ ಬೇಕು. ಎಲೆಗೂ ಭ್ರೂಣಕ್ಕೂ ಇರುವ ನಂಟು ಗೊತ್ತಾಗುವುದು ಇಲ್ಲೇ. ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ ಲೀಫಿ ಕಾಟಿಲೆಡನ್–1 ಎಂಬ ಜೀನ್ ಇದೆ. ಅದು ಕೆಟ್ಟ ಗಿಡದ ಬೀಜದಳದ ಮೇಲೆ ಎಲೆಗೆ ಬರುವಂಥ ರೋಮ ಬರುತ್ತದೆ. ಬೀಜದಳ ತಾನು ಬೀಜದೊಳಗಿದ್ದೇನೆ ಎಂಬುದನ್ನೇ ಮರೆತು ಎಲೆಯಾಗಲು ಹೊರಡುತ್ತದೆ. ಆ ಬೀಜ ಒಣಗಿದರೆ ಸಾಯುತ್ತದೆ. 1998ರಲ್ಲಿ ಇದೇ ಜೀನನ್ನು ಎಲೆ ಇರುವ ಗಿಡದಲ್ಲಿ ಬಲವಂತವಾಗಿ ಚಾಲೂ ಇಟ್ಟಾಗ ಎಲೆಗಳ ಮೇಲೆ ಭ್ರೂಣಗಳೇ ಮೂಡಿದವು. 2002ರಲ್ಲಿ ಬೇಬಿ ಬೂಮ್ ಎಂಬ ಇನ್ನೊಂದು ಜೀನ್ ಇದೇ ಕೆಲಸ ಮಾಡುವುದು ಗೊತ್ತಾಯಿತು.

ಅಂದರೆ ಭ್ರೂಣ ಮಾಡುವ ಜೀನ್ ಎಲೆಯಲ್ಲೂ ಇದೆ. ಬೇರಿನಲ್ಲೂ ಇದೆ, ತೊಗಟೆಯಲ್ಲೂ ಇದೆ. ಬೀಜ ಮೊಳೆತ ಮೇಲೆ ಗಿಡ ಅವುಗಳಿಗೆ ಬೀಗ ಹಾಕುತ್ತದೆ. ಬೀಗ ಹಾಕುವ ಪ್ರೋಟೀನುಗಳಲ್ಲೊಂದರ ಹೆಸರು ಪಿಕಲ್, ಅಂದರೆ ಉಪ್ಪಿನಕಾಯಿ. ಅದು ಕೆಟ್ಟ ಗಿಡದ ಬೇರು ಮೊಳೆತ ಮೇಲೂ ಬೀಜದಂತೆ ಎಣ್ಣೆ ಕೂಡಿಹಾಕಿಕೊಂಡು, ಮಿಡಿಯ ಹಾಗೆ ಹಸಿರಾಗಿ ಊದಿಕೊಳ್ಳುವುದರಿಂದ ಆ ಹೆಸರು. ಟಿಶ್ಯೂ ಕಲ್ಚರ್ ಮಾಡುವವರು ಈ ಬೀಗಗಳನ್ನು ಹಾರ್ಮೋನಿನಿಂದ ತೆಗೆಸುತ್ತಾರೆ, ಅಷ್ಟೆ. ಹೊರಗಿನ ಜೀನ್ ಒಂದೂ ಒಳಗೆ ಹೋಗುವುದಿಲ್ಲ. ಕುಲಾಂತರಿ ಎಂದರೆ ಜೀನನ್ನೇ ಹೊರಗಿನಿಂದ ಸೇರಿಸುವುದು. ಅಂಥ ಕಾಫಿ ತಳಿ ಭಾರತದಲ್ಲಿ ಬಿಡುಗಡೆಯಾಗಿಲ್ಲ.

ಬೀಗ ತೆಗೆಸುವ ಕೆಲಸ ಹೇಗೆ ನಡೆಯುತ್ತದೆ? ರೋಬಸ್ಟಾದ ಕಾಂಡದ ತುಂಡಿನಿಂದ 1970ರಲ್ಲಿ ಸ್ಟಾರಿಟ್ಸ್ಕಿ ಎಂಬುವರು ಮೊದಲು ಭ್ರೂಣ ಪಡೆದರು. 1977ರಲ್ಲಿ ಸೊಂಡಾಲ್ ಮತ್ತು ಶಾರ್ಪ್ ಅರೇಬಿಕಾದ ಎಲೆಯಿಂದ ಪಡೆದರು. ಇವತ್ತಿಗೂ ಹೆಚ್ಚು ಕಡಿಮೆ ಅದೇ ದಾರಿ. ರೋಗವಿಲ್ಲದ ತಾಯಿಗಿಡದಿಂದ ತೀರ ಎಳೆಯದೂ ಅಲ್ಲದ, ಬಲಿತದ್ದೂ ಅಲ್ಲದ ಎಲೆ ಬೇಕು. ಜಡಿಮಳೆಯಲ್ಲಿ ತೆಗೆದ ಎಲೆಯಲ್ಲಿ ಬೂಷ್ಟು ಹೆಚ್ಚು, ಅರ್ಧಕ್ಕರ್ಧ ಬಾಟಲಿ ಹಾಳಾಗಬಹುದು. ಎಲೆಯನ್ನು ಸೋಪಿನ ನೀರಲ್ಲಿ ತೊಳೆದು, ಆಲ್ಕೊಹಾಲಿನಲ್ಲಿ ಅದ್ದಿ, ಬ್ಲೀಚ್ ದ್ರಾವಣದಲ್ಲಿಟ್ಟು, ಕ್ರಿಮಿರಹಿತ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ಆಮೇಲೆ ನಡುನರ, ಅಂಚು, ತುದಿ ಬಿಟ್ಟು ಸುಮಾರು 1 ಸೆಂಟಿಮೀಟರಿನ ಚೌಕ ತುಂಡುಗಳು. ನಾಲ್ಕೂ ಬದಿ ಹೊಸದಾಗಿ ಕೊಯ್ದ ಗಾಯವೇ ಆಗಿರಬೇಕು, ಏಕೆಂದರೆ ಕೋಶ ಒಡೆಯಲು ಶುರುವಾಗುವುದು ಗಾಯದ ಅಂಚಿನಲ್ಲಿ. ನಡುನರ ಉಳಿದರೆ ದಪ್ಪ ಗಂಟೇನೋ ಬರುತ್ತದೆ, ಅದರಿಂದ ಭ್ರೂಣ ಬರುವುದಿಲ್ಲ.

ತುಂಡುಗಳನ್ನಿಡುವ ಪೋಷಕ ಮಾಧ್ಯಮದಲ್ಲಿ, ಆಕ್ಸಿನ್‌ನಂತೆ ಕೆಲಸ ಮಾಡುವ 2,4–ಡಿ ಇರುತ್ತದೆ. ಹೌದು, ಗದ್ದೆಯ ಕಳೆಗೆ ಹೊಡೆಯುವ ಅದೇ ಮದ್ದು. ಕಳೆಗೆ ಗ್ರಾಂ ಲೆಕ್ಕವಾದರೆ ಇಲ್ಲಿ ಲೀಟರಿಗೆ 1 ಮಿಲಿಗ್ರಾಮಿನ ಆಸುಪಾಸು. ಜೊತೆಗೆ ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು. ಸುಮಾರು 25 ಡಿಗ್ರಿ ಶಾಖ, ಕತ್ತಲೆ. ಒಂದೆರಡು ತಿಂಗಳಲ್ಲಿ ತುಂಡಿನ ಅಂಚಿನಲ್ಲಿ ಕಂದು ಬಣ್ಣದ ಸ್ಪಂಜಿನಂಥ ಕ್ಯಾಲಸ್, ಅಂದರೆ ಆಕಾರವಿಲ್ಲದ ಕೋಶಗಳ ಗಂಟು ಬರುತ್ತದೆ. ಕಾಫಿ ಎಲೆಯಲ್ಲಿ ಕ್ಲೋರೋಜೆನಿಕ್ ಆಮ್ಲ ಹೆಚ್ಚು. ಕೊಯ್ದ ಬಾಳೆಕಾಯಿ ಕಪ್ಪಾದಂತೆ ಇದೂ ಕಪ್ಪಾಗುತ್ತದೆ. ಹೊಸಬರು ಹೆದರಿ ಎಸೆದುಬಿಡುತ್ತಾರೆ. ಕಾಯಬೇಕು. ನಾಲ್ಕರಿಂದ ಏಳೆಂಟು ತಿಂಗಳೊಳಗೆ ಆ ಕಪ್ಪಿನ ನಡುವಿನಿಂದ ತೆಳು ಹಳದಿಯ, ರವೆ ಉಂಡೆಯಂತೆ ಬೆರಳಿಗೆ ಉದುರುವ ಇನ್ನೊಂದು ಕ್ಯಾಲಸ್ ಎದ್ದುಬಂದರೆ ಕೆಲಸ ಗೆದ್ದಂತೆ. ಭ್ರೂಣ ಆಗುವುದು ಅದರಿಂದ. ಕ್ಯಾಲಸ್ ಹಂತವೇ ಇಲ್ಲದೆ ಎಲೆಯ ಅಂಚಿನಲ್ಲಿ ನೇರವಾಗಿ ಭ್ರೂಣ ಬರಿಸುವ ದಾರಿಯೂ ಇದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯವರು ಸಿಲ್ವರ್ ನೈಟ್ರೇಟ್ ಬಳಸಿ ಅದನ್ನು ಮಾಡಿ ತೋರಿಸಿದ್ದಾರೆ. ಆದರೆ ಆ ದಾರಿಯಲ್ಲಿ ಸಿಗುವ ಸಂಖ್ಯೆ ಕಡಿಮೆ.

ಮುಂದಿನ ಹೆಜ್ಜೆಯಲ್ಲಿ 2,4–ಡಿ ತೆಗೆಯಲೇಬೇಕು. ಕೋಶವನ್ನು ಭ್ರೂಣದ ದಾರಿಗೆ ಹಚ್ಚಿದ ಮದ್ದೇ ಈಗ ಅಡ್ಡಿ. ಸುತ್ತಲೂ ಆಕ್ಸಿನ್ ತುಂಬಿರುವಾಗ ಭ್ರೂಣಕ್ಕೆ ತನ್ನದೇ ಮೇಲು, ಕೆಳಗು ಗೊತ್ತಾಗುವುದಾದರೂ ಹೇಗೆ? ತಡ ಮಾಡಿದರೆ ಗುಂಡಗಿನ ಮುದ್ದೆ ಮುದ್ದೆಯಾಗಿಯೇ ಉಳಿಯುತ್ತದೆ, ಇಲ್ಲವೇ ಆಗಲೇ ಹೇಳಿದ ಬಟ್ಟಲು, ಕೊರಳಪಟ್ಟಿಯ ಬೀಜದಳ ಬರುತ್ತದೆ. ನೋಡಲು ಹಸಿರಾಗಿ ಚೆನ್ನಾಗಿಯೇ ಇರುತ್ತದೆ, ಕುಡಿ ಮಾತ್ರ ಇರುವುದಿಲ್ಲ. ಅದನ್ನು ಚೀಲಕ್ಕೆ ಹಾಕಿದರೆ ತಿಂಗಳುಗಟ್ಟಲೆ ಬೀಜದಳ ಅರಳಿಸಿಕೊಂಡು ಹಾಗೇ ನಿಂತಿರುತ್ತದೆ. ಎಲ್ಲ ಸರಿಯಾದರೂ ಎಲೆ ಕೊಯ್ದ ದಿನದಿಂದ ಚೀಲದ ಸಸಿಯಾಗುವವರೆಗೆ ಒಂದೂವರೆ ಎರಡು ವರ್ಷ. ದುಬಾರಿಯಾಗುವುದು ಇದಕ್ಕೇ.

‘ಎಲ್ಲವೂ ಒಂದೇ ಅಚ್ಚು’ ಎನ್ನುವವರಿಗೆ ಈಗ ಉತ್ತರ. ಜೀನ್ ಒಂದೇ ಇದ್ದರೂ ಬೀಗ ಒಂದೇ ಥರ ಇರಬೇಕೆಂದಿಲ್ಲ. ಬಾಟಲಿಯೊಳಗೆ ತಿಂಗಳು ಕಳೆದಂತೆ ಕೆಲವು ಬೀಗ ಕಳಚಿ ಬೀಳುತ್ತವೆ, ಕ್ರೋಮೋಸೋಮಿನ ಲೆಕ್ಕವೂ ತಪ್ಪಬಹುದು. ತಾಳೆಎಣ್ಣೆ ಬೆಳೆಯಲ್ಲಿ ಇದರ ಏಟು ಬಿದ್ದಿದೆ. ಟಿಶ್ಯೂ ಕಲ್ಚರಿನ ತಾಳೆ ಸಸಿ ಎತ್ತರಕ್ಕೆ ಬೆಳೆದು ಫಸಲಿಗೆ ಬಂದ ಮೇಲೆ ಕೆಲವು ಮರಗಳಲ್ಲಿ ವಿಕಾರದ ಕಾಯಿ ಬಿಟ್ಟು ಎಣ್ಣೆಯೇ ಇಲ್ಲವಾಯಿತು. ಹೂವಿನ ಭಾಗಗಳನ್ನು ರೂಪಿಸುವ ಜೀನೊಂದರ ಒಳಗೆ ಅಡಗಿ ಕೂತಿದ್ದ, ಜಾಗ ಬದಲಿಸುವ ಸ್ವಭಾವದ ಡಿಎನ್‌ಎ ತುಣುಕಿನ ಮೇಲಿನ ಮಿಥೈಲ್ ಮುದ್ರೆ (ಅದೂ ಇಂಥದೊಂದು ಬೀಗ) ಅಳಿಸಿಹೋಗಿದ್ದೇ ಕಾರಣ ಎಂದು 2015ರಲ್ಲಿ ಖಚಿತವಾಯಿತು. ಆ ತುಣುಕಿನ ಹೆಸರು ಕರ್ಮ. ವಿಜ್ಞಾನಿಗಳು ಇಟ್ಟ ಹೆಸರೇ ಅದು, ನಾವು ತಮಾಷೆ ಮಾಡುತ್ತಿಲ್ಲ.

ಕಾಫಿಯಲ್ಲಿ ಅಂಥ ಏರುಪೇರು ಬಹುಪಾಲು ಎಲೆಯಲ್ಲೇ ಕಾಣುತ್ತದೆ, ಅದೂ ನರ್ಸರಿಯಲ್ಲೇ. ಭ್ರೂಣ ಕೊಡುವ ಆ ಹಳದಿ ಕ್ಯಾಲಸನ್ನು ಹೆಚ್ಚಿಸಲು ದ್ರವದಲ್ಲಿ ಬೆಳೆಸಿದ ಕೋಶರಾಶಿ ಮೂರು ತಿಂಗಳದ್ದಾದರೆ ತಪ್ಪು ಸಸಿ ಬಹಳ ಕಡಿಮೆ. ವರ್ಷದ್ದಾದರೆ ಹಲವು ಪಟ್ಟು ಹೆಚ್ಚು. ಹಾಗಾಗಿ ‘ಕುಲಾಂತರಿಯೋ ಅಲ್ಲವೋ’ ಎಂದು ಕೇಳುವ ಬದಲು ‘ಕೋಶರಾಶಿ ಎಷ್ಟು ತಿಂಗಳದ್ದು?’ ಎಂದು ಕೇಳಿ. ದಾಖಲೆ ಇಟ್ಟವರು ಹೇಳುತ್ತಾರೆ. ತಡವರಿಸಿದರೆ ಬೇರೆ ಕಡೆ ಹೋಗಿ.

ಎಲೆಯಲ್ಲಿ ಏನು ನೋಡಬೇಕು? ಎಲೆ ಹುಟ್ಟುವುದು ಕುಡಿಯ ಪಕ್ಕದಲ್ಲಿ ಗುಬುಟಾಗಿ. ಕುಡಿಯನ್ನು ಕುಡಿಯಾಗಿಯೇ ಇಡುವ ಜೀನುಗಳು ಆ ಗುಬುಟಿನಲ್ಲಿ ಮೊದಲು ಸುಮ್ಮನಾಗಬೇಕು, ಆಗಲೇ ಅದು ಎಲೆ. ಆಮೇಲೆ ಮೇಲ್ಮೈ ಯಾವುದು, ಕೆಳಮೈ ಯಾವುದು ಎಂದು ತೀರ್ಮಾನವಾಗಬೇಕು. ಕೆಳಮೈಗೆ ಗುರುತು ಕೊಡುವ ಜೀನಿಗೆ ಕನಡಿ ಎಂದು ಹೆಸರು. ಕನ್ನಡದ ಕಿವಿಗೆ ಕನ್ನಡಿ ಎಂದೇ ಕೇಳಿಸುತ್ತದೆ, ಅದು ಕೆಟ್ಟಾಗ ಆಗುವುದೂ ಹೆಚ್ಚು ಕಡಿಮೆ ಅದೇ: ಕೆಳಗೂ ಮೇಲಿನದರದೇ ಪ್ರತಿಬಿಂಬ. ಈ ಎರಡು ಮೈ ಕೂಡುವ ಗಡಿಯಲ್ಲೇ ಎಲೆ ಅಗಲಕ್ಕೆ ಹರಡುವುದು. ಗಡಿ ಕೆಟ್ಟರೆ ಎಲೆ ಕಡ್ಡಿಯಾಗುತ್ತದೆ. ಅಂಚಿನ ಕೋಶ ಯಾವಾಗ ಒಡೆಯುವುದು ನಿಲ್ಲಿಸಬೇಕು ಎಂಬುದಕ್ಕೆ ಬೇರೆ ಜೀನುಗಳಿವೆ. ಅವು ತಡ ಮಾಡಿದರೆ ಅಂಚು ಹೆಚ್ಚಾಗಿ ಬೆಳೆದು ಹಪ್ಪಳದ ಹಾಗೆ ಸುಕ್ಕುಗಟ್ಟುತ್ತದೆ. ಇದನ್ನು 2003ರಲ್ಲಿ ಹೂಗಿಡವೊಂದರಲ್ಲಿ ತೋರಿಸಿದ ತಂಡದ ಮೊದಲಿಗರು ಉತ್ಪಲ್ ನಾಥ್, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದವರು.

ಈ ಕಣ್ಣಿನಿಂದ ಸಸಿ ನೋಡಿ. ಎಲೆ ಉದ್ದವಾಗಿ, ಕಿರಿದಾಗಿ ಇದ್ದರೆ ಆಂಗುಸ್ಟಿಫೋಲಿಯಾ. ಗುಂಡಗೆ, ದಪ್ಪಗೆ, ಉಬ್ಬುಬ್ಬಾಗಿ ಇದ್ದರೆ ಬುಲ್ಲಾಟಾ. ಅರೇಬಿಕಾದ ಲೆಕ್ಕ 44 ಕ್ರೋಮೋಸೋಮ್, ಬುಲ್ಲಾಟಾದಲ್ಲಿ ಅದು 66 ಅಥವಾ 88 ಆಗಿರುತ್ತದೆ. ಬಿಳಿ ಮಚ್ಚೆಯಿದ್ದರೆ ವೇರಿಯೆಗಾಟಾ. ಇವು ಗೊಬ್ಬರ ಕೊಟ್ಟರೆ ಸರಿಹೋಗುವುದಿಲ್ಲ, ಕಿತ್ತು ಹಾಕಿ. ಆದರೆ ಕಿರಿದಾದ ಎಲೆಯೆಲ್ಲ ಜೀನಿನ ತಪ್ಪಲ್ಲ. ಸತುವಿನ ಕೊರತೆಯಲ್ಲೂ ಎಲೆ ಸಣ್ಣದಾಗಿ, ಗೆಣ್ಣು ಹತ್ತಿರವಾಗಿ, ನರ ಹಸಿರು ಉಳಿದು ನಡುವೆ ಹಳದಿ ಕಟ್ಟುತ್ತದೆ. 200 ಲೀಟರ್ ಬ್ಯಾರಲ್ಲಿಗೆ 1 ಕಿಲೋ ಸತುವಿನ ಸಲ್ಫೇಟ್, ಅರ್ಧ ಕಿಲೋ ಸುಣ್ಣ ಸೋಸಿ ಬೆರೆಸಿ ಮೊದಲು ನಾಲ್ಕು ಗಿಡಕ್ಕೆ ಹೊಡೆದು ನೋಡಿ. ಮುಂದಿನ ಚಿಗುರು ಅಗಲವಾದರೆ ಅದು ಕೊರತೆ. ಕಳೆಗೆ ಹೊಡೆದ ಗ್ಲೈಫೊಸೇಟ್ ಗಾಳಿಗೆ ಹಾರಿ ಬಿದ್ದರೂ ಪಟ್ಟಿಯಂಥ ಎಲೆ ಬರುತ್ತದೆ. ಆಗ ಒಂದು ಸಾಲು ಅಥವಾ ಒಂದು ಮಗ್ಗುಲಿನ ಗಿಡಗಳಿಗೇ ಬಂದಿರುತ್ತದೆ. ಜೀನಿನ ತಪ್ಪಾದರೆ ಅಲ್ಲೊಂದು ಇಲ್ಲೊಂದು ಚದುರಿ, ಪಕ್ಕದ ಗಿಡ ಸರಿಯಾಗಿಯೇ ಇರುತ್ತದೆ.

ಇನ್ನೊಂದು ಪರೀಕ್ಷೆ ಬೇರಿನದು. ಭ್ರೂಣದಿಂದ ಬಂದ ಸಸಿಗೆ ಎರಡೂ ತುದಿ ಇರುವುದರಿಂದ ತಾಯಿಬೇರು ಇರುತ್ತದೆ. ಕಂಬಚಿಗುರಿನ (ನೇರ ಮೇಲಕ್ಕೆ ಬೆಳೆಯುವ ಚಿಗುರಿನ) ಕಟಿಂಗ್‌ಗೆ ಇರುವುದಿಲ್ಲ. ನೂರಕ್ಕೆ ಒಂದೆರಡು ಚೀಲ ಒಡೆದು, ನೀರಲ್ಲಿ ಮಣ್ಣು ತೊಳೆದು ನೋಡುವುದಕ್ಕೆ ನರ್ಸರಿಯವರು ಒಪ್ಪಬೇಕು. ಬೇರು ಕೊಕ್ಕೆಯಾಗಿದ್ದರೆ ಆ ಕಂತಿನ ಸಸಿಗಳನ್ನೇ ಬಿಡಿ. ಫೆಬ್ರವರಿ, ಮಾರ್ಚಿನ ಬಿಸಿಲಿಗೆ ಮೊದಲು ಒಣಗುವುದು ಕೊಕ್ಕೆ ಬೇರಿನ ಗಿಡ.

ತಳಿಯ ವಿಚಾರಕ್ಕೆ ಬಂದರೆ, ಎಸ್ 795 ಎಂಬ ಅರೇಬಿಕಾ ತಳಿ ಹಾಕುವವರಿಗೆ ಟಿಶ್ಯೂ ಕಲ್ಚರ್ ಬೇಕೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅರೇಬಿಕಾ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಂಥ ಕಡೆಯ ನಂಬಿಕಸ್ಥ ಬೀಜದಿಂದಲೇ ಬಹುಪಾಲು ತಾಯಿಯಂಥ ಸಸಿ ಬರುತ್ತದೆ. ಎಲೆಯಿಂದ ಭ್ರೂಣ ಮಾಡುವ ಖರ್ಚಿಗೆ ಬೆಲೆ ಬರುವುದು ಒಂದೇ ಪೀಳಿಗೆಯ ಹೈಬ್ರಿಡ್‌ಗಳಿಗೆ ಮತ್ತು ಆಯ್ದ ರೋಬಸ್ಟಾ ಗಿಡಗಳಿಗೆ. ರೋಬಸ್ಟಾದಲ್ಲಿ ಮಾತ್ರ ಒಂದು ದೊಡ್ಡ ಗುಂಡಿ ಇದೆ. ಅದು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ, ಅದಕ್ಕೂ ಜೀನೇ ಕಾರಣ. ಒಂದೇ ಗಿಡದ ಎಲೆಯಿಂದ ಮಾಡಿದ ಸಾವಿರ ಸಸಿ ಎಂದರೆ ಜೀನಿನ ಲೆಕ್ಕದಲ್ಲಿ ಒಂದೇ ಗಿಡ. ಅವನ್ನಷ್ಟೇ ಒಂದು ಬ್ಲಾಕಿಗೆ ಹಾಕಿದರೆ ಹೂವೇನೋ ಮೈತುಂಬ ಬರುತ್ತದೆ, ಕಾಯಿ ಕಟ್ಟುವುದಿಲ್ಲ. ಕನಿಷ್ಠ ಮೂರು ನಾಲ್ಕು ಬೇರೆ ಬೇರೆ ತಾಯಿಗಿಡಗಳ, ಒಟ್ಟಿಗೇ ಹೂ ಬಿಡುವ ಸಸಿಗಳನ್ನು ಸಾಲು ಬದಲಿಸಿ ಹಾಕಬೇಕು. ಮಾರುವವರು ಚೀಲದ ಮೇಲೆ ತಾಯಿಗಿಡದ ಗುರುತಿನ ಸಂಖ್ಯೆ ಬರೆಯದಿದ್ದರೆ ಇದು ಸಾಧ್ಯವಿಲ್ಲ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನು. ಬಹಳ ಜನ ಕೇಳುವುದೇ ಇಲ್ಲ.

ತಾಯಿಯ ತದ್ರೂಪು ಸಸಿ ಲ್ಯಾಬಿನಲ್ಲೇ ಹುಟ್ಟಬೇಕು ಎಂದೇನೂ ಇಲ್ಲ. ಕಾಫಿ ನಡುವೆ ಬೆಳೆಯುವ ಕೊಡಗಿನ ಕಿತ್ತಳೆಯ ಒಂದು ಬೀಜ ಹಾಕಿದರೆ ಎರಡು ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದ ಭ್ರೂಣಗಳು, ತಾಯಿಯಂತೆಯೇ ಇರುತ್ತವೆ. ಇದಕ್ಕೆ ಕಾರಣವಾದ ಜೀನನ್ನು 2017ರಲ್ಲಿ ಗುರುತಿಸಿದರು. ಸಸಿಮಡಿಯಲ್ಲಿ ಉಳಿದವುಗಳಿಗಿಂತ ತೀರ ಕುಳ್ಳಗೆ ಅಥವಾ ಬೇರೆ ಥರ ಕಾಣುವ ಸಸಿಯನ್ನು ಕಿತ್ತುಬಿಡಿ, ಅದು ಪರಾಗದಿಂದ ಬಂದದ್ದಿರುತ್ತದೆ. ಇಂಥದ್ದೇ ಗುಣವನ್ನು ಭತ್ತಕ್ಕೆ ತರುವ ಕೆಲಸ 2019ರಲ್ಲಿ ಬೇಬಿ ಬೂಮ್ ಜೀನಿನ ನೆರವಿನಿಂದ ಆಗಿದೆ. ಅದರಲ್ಲಿ ಜೀನನ್ನೇ ತಿದ್ದಿ ಸೇರಿಸಿದ್ದಾರೆ. ಕುಲಾಂತರಿಯ ಚರ್ಚೆ ನಡೆಸುವವರು ಅದರ ಬಗ್ಗೆ ನಡೆಸಲಿ, ಬೇಕಾದದ್ದೇ.

ಕೊನೆಗೆ, ಸಸಿ ತಂದವರಿಗೆ ಒಂದು ಮಾತು. ಬಾಟಲಿಯ ತೇವದಲ್ಲಿ ಬಂದ ಎಲೆಗೆ ಮೇಣದ ಪದರ ತೆಳು, ಅದರ ಉಸಿರುರಂಧ್ರಗಳಿಗೆ ಮುಚ್ಚಿಕೊಳ್ಳುವ ಅಭ್ಯಾಸವಿರುವುದಿಲ್ಲ. ಅಂಥ ಎಲೆ ಇನ್ನೂ ಉದುರಿರದ ಸಸಿಯನ್ನು ಕೊಳ್ಳಬೇಡಿ. ಚೀಲದಲ್ಲಿ ಹೊಸದಾಗಿ ಬಂದ ನಾಲ್ಕೈದು ಜೊತೆ ಎಲೆ ಇರಲಿ. ಚೀಲಕ್ಕೆ ನೀವೇ ಮಣ್ಣು ತುಂಬಿಸುವುದಾದರೆ ಕಾಡುಮಣ್ಣು ಆರು ಪಾಲು, ಕೊಳೆತ ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು. ತಂದ ಮೇಲೆ ನಾಟಿಗೆ ಮೊದಲು ಚಪ್ಪರದ ನೆರಳನ್ನು ವಾರಕ್ಕೊಂದಿಷ್ಟು ತೆಳುಮಾಡುತ್ತ ಬನ್ನಿ. ಆರಿದ್ರ ಮಳೆ ಹಿಡಿದ ಮೇಲೆ ಮೋಡ ಮುಸುಕಿದ ದಿನ ನೋಡಿ ಹೊಂಡಕ್ಕೆ ಇಳಿಸಿ.

ಇಬ್ಬರು ಸಸ್ಯಶಾಸ್ತ್ರ ಅಧ್ಯಾಪಕರು,
ಚಿಕ್ಕಮಗಳೂರು